ದೊರೆ ಹೋದ, ಜನ ಏನಾದರು?

(ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರು ಮತ್ತು ಸಂಗಾತಿಗಳ ಮೇಲೆ ಸಲಾತ್ ಹಾಗೂ ಸಲಾಮ್ ಇರಲಿ.

ಸತ್ಯವಿಶ್ವಾಸಿ ಸಹೋದರರೇ, ಮೊದಲು ನಮಗೆ ನಾವೇ, ನಂತರ ನಿಮಗೆ ತಖ್ವಾದ ಉಪದೇಶ ಮಾಡಿಕೊಂಡು ಮಾತು ಆರಂಭಿಸುತ್ತೇವೆ.

ಕಳೆದ ವಾರ ಇಶಾ ನಮಾಝ್ ಮುಗಿಸಿ ಹೊರಬರುವಾಗ ನಮ್ಮ ಜಮಾಅತಿನ ಕಾಲೇಜು ಹುಡುಗನೊಬ್ಬ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಪ್ರಶ್ನೆ ಕೇಳಿದ. "ಉಸ್ತಾದ್, ಒಂದು ದೇಶದ ದೊರೆ ಝಾಲಿಮ್ ಅಂತ ಎಲ್ಲರಿಗೂ ಗೊತ್ತು. ಅವನನ್ನು ಇಳಿಸುವ ಶಕ್ತಿ ಅಲ್ಲಿನ ಜನರಿಗಿಲ್ಲ. ಹೊರಗಿನವರು ಯಾರೋ ಬಂದು ಯುದ್ಧ ಮಾಡಿ ಇಳಿಸಿದರೆ ತಪ್ಪೇನು?"

ಪ್ರಶ್ನೆ ಪ್ರಾಮಾಣಿಕವಾದದ್ದು. ಅವನನ್ನು ಗದರಿ ಕಳುಹಿಸಲು ನಮಗೆ ಮನಸ್ಸಾಗಲಿಲ್ಲ. "ಶುಕ್ರವಾರ ಬಾ" ಎಂದೆವು. ಆ ಹುಡುಗನಿಗೆ ಇರಾಕಿನ ಯುದ್ಧ ನೆನಪಿಲ್ಲ, ಆಗ ಅವನು ಹುಟ್ಟಿಯೇ ಇರಲಿಲ್ಲ. ನಮ್ಮಲ್ಲಿ ನಲವತ್ತು ದಾಟಿದವರಿಗೆ ಮಾತ್ರ ಅದು ಕಣ್ಣಿಗೆ ಕಟ್ಟಿದಂತಿದೆ. ಆದ್ದರಿಂದ ಅವನ ಪ್ರಶ್ನೆಗೆ ಉತ್ತರವನ್ನು ಇವತ್ತು ಇರಾಕಿನಲ್ಲೇ ಹುಡುಕೋಣ.

ಇರಾಕ್ ನಮಗೆ ದೂರದ ನೆಲವಲ್ಲ. ನಾವು ಅನುಸರಿಸುವ ಇಮಾಮ್ ಶಾಫಿಈ(ರ)ರವರ 'ಖದೀಮ್' ಎನ್ನುವ ಹಳೆಯ ಅಭಿಪ್ರಾಯಗಳು ರೂಪುಗೊಂಡದ್ದು ಬಗ್ದಾದಿನಲ್ಲಿ. ಘಟ್ಟದ ಮೇಲಿನ ನಮ್ಮ ಸಹೋದರರು ಅನುಸರಿಸುವ ಇಮಾಮ್ ಅಬೂ ಹನೀಫಾ(ರ) ಮಲಗಿರುವುದು ಬಗ್ದಾದಿನ ಅಅ್‌ಝಮಿಯಾದಲ್ಲಿ. ನಮ್ಮ ಉಮ್ಮಂದಿರು ಕಷ್ಟ ಬಂದಾಗ ನೆನೆಯುವ ಶೈಖ್ ಅಬ್ದುಲ್ ಖಾದಿರ್ ಜೀಲಾನಿ(ರ)ರವರ ಮಖ್ಬರ ಅದೇ ನಗರದಲ್ಲಿದೆ. ನಮ್ಮದೇ ರಾಜ್ಯದ ಅಲೀಪುರದಂಥ ಊರುಗಳ ಶಿಯಾ ಸಹೋದರರು ಝಿಯಾರತ್‌ಗೆ ಹೋಗುವ ಕರ್ಬಲಾ, ನಜಫ್ ಇರುವುದೂ ಅಲ್ಲಿಯೇ.

ಸಹೋದರರೇ, ಮೊದಲು ಸತ್ಯ ಹೇಳಿಬಿಡೋಣ. ಸದ್ದಾಮ್ ಹುಸೇನ್ ಝಾಲಿಮ್ ಆಗಿದ್ದ. 1980ರಲ್ಲಿ ಇರಾನಿನ ಮೇಲೆ ದಂಡೆತ್ತಿ ಹೋಗಿ ಎಂಟು ವರ್ಷ ಎರಡೂ ಕಡೆಯ ಲಕ್ಷಾಂತರ ಯುವಕರನ್ನು ಬಲಿ ಕೊಟ್ಟ. 1988ರ ಮಾರ್ಚ್ 16ರಂದು ಹಲಬ್ಜ ಎಂಬ ಕುರ್ದ್ ಪಟ್ಟಣದ ಮೇಲೆ ಅವನ ಸೇನೆ ವಿಷಾನಿಲ ಸುರಿಯಿತು. ಸುಮಾರು 5,000 ಜನ ಸತ್ತರು, ಅವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. 1991ರಲ್ಲಿ ದಕ್ಷಿಣದ ಶಿಯಾಗಳು ಮತ್ತು ಉತ್ತರದ ಕುರ್ದರು ದಂಗೆ ಎದ್ದಾಗ ಅವನು ಮಾಡಿದ್ದಕ್ಕೆ ಸಾಕ್ಷಿಯಾಗಿ ನಂತರ ಸಾಮೂಹಿಕ ಗೋರಿಗಳು ಸಿಕ್ಕಿದವು.

ಅವನ ಝುಲ್ಮಿನ ಬಿಸಿ ನಮ್ಮ ಕರಾವಳಿಗೂ ತಟ್ಟಿತ್ತು. 1990ರ ಆಗಸ್ಟಿನಲ್ಲಿ ಅವನು ಕುವೈತನ್ನು ನುಂಗಿದಾಗ ಅಲ್ಲಿ ದುಡಿಯುತ್ತಿದ್ದ ನಮ್ಮವರು ಬರಿಗೈಯಲ್ಲಿ ಮರುಭೂಮಿ ದಾಟಿ ಅಮ್ಮಾನ್ ಸೇರಿದರು. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತರಲು ಏರ್ ಇಂಡಿಯಾ ತಿಂಗಳುಗಟ್ಟಲೆ ವಿಮಾನ ಹಾರಿಸಬೇಕಾಯಿತು. ಈ ಸಫ್‌ಗಳಲ್ಲಿ ಕುಳಿತಿರುವ ಹಿರಿಯರಲ್ಲಿ ಕೆಲವರಿಗಾದರೂ ಆ ವಿಮಾನದ ನೆನಪು ಇರಬೇಕು.

ಆದರೂ ನಮ್ಮಲ್ಲಿ ಏನಾಯಿತು? ಅಮೆರಿಕದ ಎದುರು ನಿಂತ ಎಂಬ ಒಂದೇ ಕಾರಣಕ್ಕೆ ಅವನು ನಮಗೆ ಹೀರೋ ಆದ. ಅಂಗಡಿಗಳಲ್ಲಿ ಅವನ ಫೋಟೋ ತೂಗಿದವು. ಎಷ್ಟೋ ಗಂಡುಮಕ್ಕಳಿಗೆ ಅವನ ಹೆಸರು ಇಟ್ಟೆವು. ಹೆಸರು ಹೊತ್ತ ಮಕ್ಕಳದ್ದೇನೂ ತಪ್ಪಿಲ್ಲ. ಆದರೆ ಹಲಬ್ಜದ ಮಕ್ಕಳ ಹೆಸರು ನಮ್ಮಲ್ಲಿ ಯಾರು ಕೇಳಿದರು?

2003ರಲ್ಲಿ ನಾವು ಮದ್ರಸದ ವಿದ್ಯಾರ್ಥಿಗಳು. ಮಾರ್ಚ್ 20ರಂದು ಬಗ್ದಾದಿನ ಮೇಲೆ ಬಾಂಬು ಬೀಳಲು ಆರಂಭವಾದಾಗ ರೇಡಿಯೊಗೆ ಕಿವಿ ಹಚ್ಚಿ ಕುಳಿತುಬಿಟ್ಟೆವು. ಹಾಸ್ಟೆಲಿನ ಗೋಡೆಗೆ ಪತ್ರಿಕೆಯ ನಕ್ಷೆ ಅಂಟಿಸಿ, ಸದ್ದಾಮನ ಸೇನೆ ಎಲ್ಲಿ ತಡೆಯುತ್ತದೆ ಎಂದು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದೆವು. ಏಪ್ರಿಲ್ 9ರಂದು ಬಗ್ದಾದಿನ ಫಿರ್ದೌಸ್ ಚೌಕದಲ್ಲಿ ಅವನ ಪ್ರತಿಮೆಯನ್ನು ಉರುಳಿಸಿದರು. ಮರುದಿನ ಪತ್ರಿಕೆಯಲ್ಲಿ ಆ ಚಿತ್ರ ನೋಡಿ ನಮ್ಮಲ್ಲಿ ಕೆಲವರು ಅತ್ತರು. ಅತ್ತವರಲ್ಲಿ ನಾವೂ ಒಬ್ಬರು.

ನಮ್ಮ ಹಿರಿಯ ಉಸ್ತಾದರು ದರ್ಸ್ ನಿಲ್ಲಿಸಿ ಕೇಳಿದರು. "ಯಾರಿಗಾಗಿ ಅಳುತ್ತಿದ್ದೀರಿ ಮಕ್ಕಳೇ? ಆ ಪ್ರತಿಮೆಗಾ, ಅಲ್ಲಿನ ಜನರಿಗಾ?" ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಮೂರು ವಾರ ನಾವು ನಕ್ಷೆಯಲ್ಲಿ ಊರುಗಳನ್ನು ಗುರುತು ಹಾಕಿದ್ದೆವು, ಆ ಊರುಗಳಲ್ಲಿ ಮನೆಗಳಿವೆ ಎಂಬುದು ತಲೆಗೆ ಹೋಗಿರಲಿಲ್ಲ. ಉಸ್ತಾದರು ಇಂದು ನಮ್ಮೊಂದಿಗಿಲ್ಲ. ಅಲ್ಲಾಹನು ಅವರ ಖಬರನ್ನು ಬೆಳಗಿಸಲಿ. ಅವರ ಪ್ರಶ್ನೆಯನ್ನು ಮಾತ್ರ ಇಂದಿಗೂ ಹೊತ್ತುಕೊಂಡು ತಿರುಗುತ್ತಿದ್ದೇವೆ.

ಈಗ ಯುದ್ಧಕ್ಕೆ ಬಂದವರ ವಿಷಯ ನೋಡೋಣ. ಇರಾಕಿನ ಆಡಳಿತವನ್ನು ಬದಲಿಸಬೇಕೆಂಬುದನ್ನು ಅಮೆರಿಕ 1998ರಲ್ಲೇ ಕಾನೂನು ಮಾಡಿ ತನ್ನ ನೀತಿಯಾಗಿ ಬರೆದಿಟ್ಟಿತ್ತು. ಆದರೆ ಜಗತ್ತಿನ ಮುಂದೆ ಇಟ್ಟ ಕಾರಣ ಬೇರೆ. ಇರಾಕಿನ ಬಳಿ ಸಮೂಹ ನಾಶಕ ಅಸ್ತ್ರಗಳಿವೆ ಎಂದರು. 2003ರ ಫೆಬ್ರವರಿ 5ರಂದು ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಚಿತ್ರಗಳನ್ನು ತೋರಿಸಿ ವಾದಿಸಿದರು. ಹತ್ತು ದಿನಗಳ ನಂತರ, ಫೆಬ್ರವರಿ 15ರಂದು, ಲಂಡನ್, ರೋಮ್ ಮೊದಲಾದ ನಗರಗಳಲ್ಲಿ ಲಕ್ಷಲಕ್ಷ ಜನ ಬೀದಿಗಿಳಿದು ಈ ಯುದ್ಧ ಬೇಡ ಎಂದರು. ಅವರಲ್ಲಿ ಬಹುಪಾಲು ಮುಸ್ಲಿಮರಲ್ಲ ಎಂಬುದನ್ನು ನಾವು ಮರೆಯಬಾರದು. ಕೇಳುವವರು ಇರಲಿಲ್ಲ. ಯುದ್ಧ ನಡೆಯಿತು. 2004ರಲ್ಲಿ ಅಮೆರಿಕವೇ ನೇಮಿಸಿದ ಶೋಧ ತಂಡ ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಎಂದು ವರದಿ ಕೊಟ್ಟಿತು. 2016ರಲ್ಲಿ ಬ್ರಿಟನ್ನಿನ ಚಿಲ್ಕಾಟ್ ವಿಚಾರಣಾ ವರದಿಯು ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತು ಎಂದು ತೀರ್ಮಾನಿಸಿತು.

ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 6ನೇ ಸೂಕ್ತ ನಮಗೆ ಕಲಿಸುವುದೇನು? ಸುದ್ದಿ ಬಂದಾಗ ಪರಿಶೀಲಿಸಬೇಕು, ಇಲ್ಲದಿದ್ದರೆ ಅರಿಯದೆ ಒಂದು ಜನಾಂಗಕ್ಕೆ ಕೇಡು ಮಾಡಿ ಆಮೇಲೆ ಪರಿತಪಿಸಬೇಕಾದೀತು ಎಂದು. ಪರಿಶೀಲಿಸದ ಒಂದು ಸುದ್ದಿಗೆ ಒಂದು ದೇಶವೇ ಬೆಲೆ ತೆತ್ತದ್ದನ್ನು ನಾವು ನಮ್ಮ ಕಾಲದಲ್ಲೇ ಕಂಡೆವು.

ಇನ್ನು ದೊರೆಯನ್ನು ಇಳಿಸಿದ ಮೇಲೆ ಏನು ಮಾಡಿದರು ಎಂಬುದನ್ನು ಗಮನಿಸಿ. ಮೇ 16ರಂದು ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್ ಒಂದು ಆದೇಶ ಹೊರಡಿಸಿ, ಬಾಥ್ ಪಕ್ಷದ ಮೇಲಿನ ಶ್ರೇಣಿಗಳಲ್ಲಿದ್ದವರನ್ನೆಲ್ಲ ಸರಕಾರಿ ಕೆಲಸದಿಂದ ತೆಗೆದರು. ಕೆಲಸ ಬೇಕಾದರೆ ಪಕ್ಷಕ್ಕೆ ಸೇರಲೇಬೇಕಿದ್ದ ಕಾಲದಲ್ಲಿ ಹೆಸರು ಬರೆಸಿದ್ದ ಶಾಲಾ ಮಾಸ್ತರರೂ ವೈದ್ಯರೂ ಅದರಲ್ಲಿದ್ದರು. ಮೇ 23ರಂದು ಎರಡನೇ ಆದೇಶ ಬಂತು, ಇರಾಕಿನ ಸೇನೆಯನ್ನೇ ವಿಸರ್ಜಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಒಂದೇ ದಿನದಲ್ಲಿ ಅನ್ನ ಕಳೆದುಕೊಂಡರು. ಕೈಯಲ್ಲಿ ಬಂದೂಕು ಇತ್ತು, ಮನೆಯಲ್ಲಿ ಹಸಿದ ಮಕ್ಕಳಿದ್ದರು, ಮನಸ್ಸಿನಲ್ಲಿ ಅವಮಾನ ಇತ್ತು. ಮುಂದೆ ಐಸಿಸ್ ಎಂಬ ಪಿಶಾಚಿಯ ಸೇನಾನಾಯಕರಲ್ಲಿ ಹಲವರು ಆ ಹಳೆಯ ಸೇನೆಯವರೇ ಆಗಿದ್ದರು.

ಸಹೋದರರೇ, ಆಡಳಿತ ಬದಲಾವಣೆ ನಮ್ಮ ಚರಿತ್ರೆಯಲ್ಲೂ ಇದೆ. ಹಿಜರಿ 8ರಲ್ಲಿ ಪ್ರವಾದಿ(ಸ)ರು ಮಕ್ಕಾಕ್ಕೆ ಮರಳಿದರು. ತಮ್ಮನ್ನು ಊರು ಬಿಡಿಸಿದವರ, ಚಿಕ್ಕಪ್ಪ ಹಂಝ(ರ)ರನ್ನು ಕೊಂದವರ ಊರು ಅದು. ಅವರು ಮಾಡಿದ್ದೇನು? ಬೆರಳೆಣಿಕೆಯ ಕೆಲವರನ್ನು ಬಿಟ್ಟು ಎಲ್ಲರಿಗೂ ಕ್ಷಮೆ ಸಾರಿದರು. ಬಾಗಿಲು ಮುಚ್ಚಿ ಮನೆಯಲ್ಲಿದ್ದವನಿಗೂ ಅಭಯ, ಮಸ್ಜಿದುಲ್ ಹರಾಮ್ ಸೇರಿದವನಿಗೂ ಅಭಯ, ನಿನ್ನೆಯವರೆಗೆ ಶತ್ರುಗಳ ನಾಯಕನಾಗಿದ್ದ ಅಬೂ ಸುಫ್ಯಾನರ ಮನೆ ಹೊಕ್ಕವನಿಗೂ ಅಭಯ. ಕಅ್‌ಬಾದ ಬೀಗದ ಕೈ ಉಸ್ಮಾನ್ ಬಿನ್ ತಲ್ಹಾ(ರ)ರ ಮನೆತನದಲ್ಲಿತ್ತು. ಅದು ತಮಗೆ ಸಿಗಲಿ ಎಂದು ಪ್ರವಾದಿ(ಸ)ರ ಸ್ವಂತ ಕುಟುಂಬದವರೇ ಬಯಸಿದರೂ ಅದನ್ನು ಅದೇ ಮನೆತನಕ್ಕೆ ಹಿಂತಿರುಗಿಸಿದರು. ಇಂದಿಗೂ ಅದು ಅವರಲ್ಲೇ ಇದೆ. ಆಡಳಿತ ಬದಲಾಯಿತು, ಯಾರ ಅನ್ನವೂ ಹೋಗಲಿಲ್ಲ.

ಬಗ್ದಾದಿನಲ್ಲಿ ಬೀಗದ ಕೈ ಯಾರಿಗೂ ಸಿಗಲಿಲ್ಲ. ಪ್ರತಿಮೆ ಬಿದ್ದ ಮರುದಿನದಿಂದಲೇ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಲೂಟಿ ನಡೆದು ಸಾವಿರಾರು ವರ್ಷ ಹಳೆಯ ಸುಮಾರು 15,000 ವಸ್ತುಗಳು ಹೋದವು. ರಾಷ್ಟ್ರೀಯ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಆಸ್ಪತ್ರೆಗಳನ್ನೂ ದೋಚಿದರು. ನಗರದಲ್ಲಿದ್ದ ವಿದೇಶಿ ಸೈನ್ಯ ತಡೆಯಲಿಲ್ಲ.

ಸತ್ತವರೆಷ್ಟು ಎಂದು ಕೇಳಿದರೆ ಒಂದು ಉತ್ತರವಿಲ್ಲ. ಅಮೆರಿಕದ ಸೈನಿಕರು ಸುಮಾರು 4,500 ಮಂದಿ ಸತ್ತರು. ಪ್ರತಿಯೊಬ್ಬನ ಹೆಸರು, ವಯಸ್ಸು, ಊರು ದಾಖಲಾಗಿದೆ. ಅವರೂ ತಾಯಂದಿರ ಮಕ್ಕಳೇ, ದಾಖಲಾಗಬೇಕಾದದ್ದೇ. ಇರಾಕಿಗಳ ಲೆಕ್ಕ ಹೇಗಿದೆ ನೋಡಿ. ಪತ್ರಿಕಾ ವರದಿ, ಆಸ್ಪತ್ರೆ ಮತ್ತು ಶವಾಗಾರದ ದಾಖಲೆಗಳನ್ನು ಕೂಡಿಸಿ ಎಣಿಸುವ ಇರಾಕ್ ಬಾಡಿ ಕೌಂಟ್ ಸಂಸ್ಥೆಯ ಪ್ರಕಾರ ಹಿಂಸೆಗೆ ಬಲಿಯಾದ ನಾಗರಿಕರು 1,85,000ಕ್ಕೂ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಇರಾಕ್ ಸರಕಾರದ ಜೊತೆ ಮನೆಮನೆ ಸಮೀಕ್ಷೆ ಮಾಡಿ, 2006ರ ಜೂನ್‌ವರೆಗಿನ ಮೂರು ವರ್ಷ ಚಿಲ್ಲರೆ ಅವಧಿಗೇ 1,51,000 ಎಂದಿತು. ಹೆಚ್ಚುಕಡಿಮೆ ಅದೇ ಅವಧಿಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಸಮೀಕ್ಷೆ, ರೋಗರುಜಿನದ ಹೆಚ್ಚುವರಿ ಸಾವುಗಳನ್ನೂ ಸೇರಿಸಿ 6,55,000 ಎಂದು ಅಂದಾಜಿಸಿತು. ಎಣಿಸುವ ವಿಧಾನ ಬೇರೆಬೇರೆ, ಒಪ್ಪೋಣ. ಆದರೂ ಎರಡು ಲೆಕ್ಕಗಳ ನಡುವೆ ಐದು ಲಕ್ಷ ಮನುಷ್ಯರ ಅಂತರ! ನಮ್ಮ ಊರಿನ ಅಂಗಡಿಯಲ್ಲಿ ಐದು ಮೂಟೆ ಅಕ್ಕಿ ತಪ್ಪಿದರೂ ಲೆಕ್ಕ ಕೇಳುತ್ತೇವೆ.

ಸಂಖ್ಯೆಯನ್ನು ಬದಿಗಿಟ್ಟು ಮನೆಗಳನ್ನು ನೋಡೋಣ. 2005ರ ನವೆಂಬರ್ 19ರಂದು ಹದೀಸಾ ಪಟ್ಟಣದಲ್ಲಿ ಒಬ್ಬ ಅಮೆರಿಕನ್ ಸೈನಿಕ ಬಾಂಬಿಗೆ ಸತ್ತ ಮೇಲೆ, ಅವನ ಸಂಗಡಿಗರು 24 ನಾಗರಿಕರನ್ನು ಕೊಂದರು. ಮನೆಯೊಳಗಿದ್ದ ಹೆಂಗಸರು, ಮಕ್ಕಳು, ಮುದುಕರು ಅದರಲ್ಲಿದ್ದರು. ಅದಕ್ಕಾಗಿ ಯಾರೂ ಸೆರೆವಾಸ ಅನುಭವಿಸಲಿಲ್ಲ. 2007ರ ಸೆಪ್ಟೆಂಬರ್ 16ರಂದು ಬಗ್ದಾದಿನ ನಿಸೂರ್ ಚೌಕದಲ್ಲಿ ಖಾಸಗಿ ಕಂಪೆನಿಯ ಕಾವಲುಗಾರರು ವಾಹನಗಳ ಮೇಲೆ ಗುಂಡು ಹಾರಿಸಿ 17 ಜನರನ್ನು ಕೊಂದರು. ನಾಲ್ವರಿಗೆ ಅಮೆರಿಕದ ನ್ಯಾಯಾಲಯ ಶಿಕ್ಷೆ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಅಧ್ಯಕ್ಷರು ನಾಲ್ವರನ್ನೂ ಕ್ಷಮಿಸಿ ಬಿಡುಗಡೆ ಮಾಡಿದರು. ಅಂತ್ಯದಿನ ಮನುಷ್ಯರ ನಡುವಿನ ವ್ಯಾಜ್ಯಗಳಲ್ಲಿ ಮೊದಲು ತೀರ್ಮಾನವಾಗುವುದು ರಕ್ತದ ವಿಷಯ ಎಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಆ ನ್ಯಾಯಾಲಯದಲ್ಲಿ ಯಾವ ಅಧ್ಯಕ್ಷನ ಸಹಿಯೂ ನಡೆಯುವುದಿಲ್ಲ.

ಬಗ್ದಾದಿನ ಮುತನಬ್ಬಿ ಬೀದಿ ಪುಸ್ತಕದಂಗಡಿಗಳ ಬೀದಿ. 2007ರ ಮಾರ್ಚ್ 5ರಂದು ಅಲ್ಲಿ ಕಾರ್ ಬಾಂಬ್ ಸ್ಫೋಟವಾಯಿತು. ಆ ಬೀದಿಯ ಹಳೆಯ ಚಹಾದಂಗಡಿಯ ಹಿರಿಯ ಯಜಮಾನರು ಒಂದೇ ಗಳಿಗೆಯಲ್ಲಿ ನಾಲ್ವರು ಗಂಡುಮಕ್ಕಳನ್ನೂ ಒಬ್ಬ ಮೊಮ್ಮಗನನ್ನೂ ಕಳೆದುಕೊಂಡರು. ಅವರು ಅಂಗಡಿಯನ್ನು ಮತ್ತೆ ಕಟ್ಟಿಸಿ, ಮಕ್ಕಳ ಫೋಟೋ ಗೋಡೆಗೆ ಹಾಕಿ, ಮತ್ತೆ ಚಹಾ ಕೊಡಲು ಕುಳಿತರು. ಸಬ್ರ್ ಎಂಬ ಪದವನ್ನು ನಾವು ಮಿಂಬರಿನಿಂದ ಸುಲಭವಾಗಿ ಹೇಳಿಬಿಡುತ್ತೇವೆ.

2007ರ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಇರಾಕಿಗಳು ಮನೆ ಬಿಟ್ಟಿದ್ದರು. ಅವರಲ್ಲಿ ಸುಮಾರು 20 ಲಕ್ಷ ಜನ ಸಿರಿಯಾ, ಜೋರ್ಡಾನ್ ಮೊದಲಾದ ದೇಶಗಳಿಗೆ ಹೋಗಿದ್ದರು. ಆಶ್ರಯ ಕೊಟ್ಟ ಸಿರಿಯಾದಲ್ಲೂ 2011ರ ನಂತರ ಯುದ್ಧ ಹೊತ್ತಿಕೊಂಡಿತು. ಐಸಿಸ್ 2014ರಲ್ಲಿ ಮೊಸುಲ್ ಹಿಡಿದಾಗ ಅಲ್ಲಿ ಕೂಲಿ ಮಾಡುತ್ತಿದ್ದ ನಮ್ಮ ದೇಶದ 39 ಮಂದಿ ಅವರ ಕೈಗೆ ಸಿಕ್ಕಿ ಹತರಾದರು. ಮನೆಯವರು ನಾಲ್ಕು ವರ್ಷ ದಾರಿ ಕಾದ ಮೇಲೆ 2018ರಲ್ಲಿ ಸಾವಿನ ಸುದ್ದಿ ಖಚಿತವಾಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ ತಲೆಯಾಡಿಸುವುದು ಸುಲಭ. ಈಗ ಹೇಳುವುದು ಕಹಿ. ಇರಾಕಿನಲ್ಲಿ ಸತ್ತವರೆಲ್ಲ ಅಮೆರಿಕದ ಗುಂಡಿಗೆ ಸತ್ತವರಲ್ಲ. ಬಾಗಿಲು ಮುರಿದವರು ಅವರು, ಹೌದು. ಆದರೆ ಒಳಗೆ ನುಗ್ಗಿ ಕೊಂದವರಲ್ಲಿ ಕಲಿಮ ಹೇಳುವ ನಾಲಗೆಗಳೂ ಇದ್ದವು. 2003ರ ಆಗಸ್ಟ್ 29ರಂದು ನಜಫಿನಲ್ಲಿ ಜುಮಾ ಮುಗಿಸಿ ಹೊರಬರುತ್ತಿದ್ದವರ ನಡುವೆ ಬಾಂಬ್ ಸಿಡಿಸಿದರು. ಇಂಥದೇ ಒಂದು ಶುಕ್ರವಾರ, ಇಂಥದೇ ಒಂದು ಹೊತ್ತು. 2006ರ ಫೆಬ್ರವರಿಯಲ್ಲಿ ಸಾಮರ್ರಾದ ಅಸ್ಕರಿ ಮಸೀದಿಯ ಗುಮ್ಮಟ ಉರುಳಿಸಿದರು. ಆಮೇಲೆ ಸುನ್ನಿ ಹೆಸರಿನವನು ಶಿಯಾ ಬೀದಿಯಲ್ಲಿ, ಶಿಯಾ ಹೆಸರಿನವನು ಸುನ್ನಿ ಬೀದಿಯಲ್ಲಿ ನಡೆದರೆ ಜೀವಂತ ಮನೆ ಸೇರುವ ಭರವಸೆ ಇರಲಿಲ್ಲ. 2010ರಲ್ಲಿ ಬಗ್ದಾದಿನ ಚರ್ಚಿನಲ್ಲಿ ಪ್ರಾರ್ಥಿಸುತ್ತಿದ್ದ ಕ್ರೈಸ್ತರನ್ನು ಕೊಂದರು. 2014ರಲ್ಲಿ ಯಝೀದಿ ಹೆಣ್ಣುಮಕ್ಕಳನ್ನು ಸಂತೆಯಲ್ಲಿ ಮಾರಿದರು. ಇದೆಲ್ಲವನ್ನೂ ಅಮೆರಿಕದ ಖಾತೆಗೆ ಬರೆದು ನಾವು ಕೈತೊಳೆದುಕೊಳ್ಳಲಾಗದು. ಒಂದು ಜನರ ಮೇಲಿನ ದ್ವೇಷ ನಮ್ಮನ್ನು ನ್ಯಾಯ ಬಿಡುವಂತೆ ಮಾಡಬಾರದೆಂಬ ಅಲ್ ಮಾಇದ ಅಧ್ಯಾಯದ 8ನೇ ಸೂಕ್ತದ ಆಜ್ಞೆ ನಮಗೇ ಬಂದದ್ದು.

ಈ ಕತ್ತಲೆಯಲ್ಲಿ ಒಬ್ಬ ಹುಡುಗನ ಕಥೆ ಇದೆ. ದಜ್ಲಾ ನದಿಯ ಒಂದು ದಡದಲ್ಲಿ ಶಿಯಾಗಳ ಕಾಝಿಮಿಯಾ, ಇನ್ನೊಂದು ದಡದಲ್ಲಿ ಸುನ್ನಿಗಳ ಅಅ್‌ಝಮಿಯಾ. ನಡುವೆ 'ಜಿಸ್ರುಲ್ ಅಇಮ್ಮ', ಅಂದರೆ ಇಮಾಮರ ಸೇತುವೆ. 2005ರ ಆಗಸ್ಟ್ 31ರಂದು ಇಮಾಮ್ ಮೂಸಾ ಅಲ್ ಕಾಝಿಮ್(ರ)ರ ಸ್ಮರಣೆಗೆ ಹೊರಟ ಶಿಯಾ ಯಾತ್ರಿಕರು ಸೇತುವೆಯ ಮೇಲೆ ಕಿಕ್ಕಿರಿದಿದ್ದರು. ಗುಂಪಿನಲ್ಲಿ ಬಾಂಬ್ ಕಟ್ಟಿಕೊಂಡವನಿದ್ದಾನೆ ಎಂದು ಯಾರೋ ಕೂಗಿದರು. ಸುಳ್ಳು ಸುದ್ದಿ. ಜನ ತುಳಿದಾಡಿದರು, ನದಿಗೆ ಬಿದ್ದರು. ಸುಮಾರು ಒಂದು ಸಾವಿರ ಜೀವ ಹೋಯಿತು, ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಆಗ ಅಅ್‌ಝಮಿಯಾದ ಉಸ್ಮಾನ್ ಅಲಿ ಎಂಬ ಸುನ್ನಿ ಹುಡುಗ ನದಿಗೆ ಹಾರಿದ. ವಯಸ್ಸು ಇಪ್ಪತ್ತೂ ಆಗಿರಲಿಲ್ಲ. ಒಬ್ಬೊಬ್ಬರನ್ನಾಗಿ ದಡ ಸೇರಿಸಿದ. ಸುಸ್ತಾದರೂ ಮತ್ತೆ ಹಾರಿದ. ಕೊನೆಗೆ ತಾನೇ ಮುಳುಗಿದ. ಮುಳುಗುತ್ತಿದ್ದವರ ಮದ್ಹಬ್ ಯಾವುದೆಂದು ಅವನು ಕೇಳಲಿಲ್ಲ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನೇ ಉಳಿಸಿದಂತೆ ಎಂಬ ಕುರ್‌ಆನಿನ ಪಾಠವನ್ನು ಆ ಹುಡುಗ ನೀರಿನಲ್ಲಿ ಮಾಡಿ ತೋರಿಸಿದ. ಅವನ ಹೆಸರನ್ನು ನಮ್ಮ ಮಕ್ಕಳಿಗೆ ಇಟ್ಟೆವಾ?

ಈಗ ಆ ಕಾಲೇಜು ಹುಡುಗನ ಪ್ರಶ್ನೆಗೆ ಬರೋಣ. ಮಗೂ, ಝಾಲಿಮ್ ಹೋಗುವುದು ಒಳ್ಳೆಯದೇ. ಸದ್ದಾಮ್ ಬಿದ್ದ ದಿನ ಸಂತೋಷಪಟ್ಟ ಇರಾಕಿಗಳು ಬಹಳ ಮಂದಿ ಇದ್ದರು. ಮಕ್ಕಳನ್ನು ಅವನ ಸೆರೆಮನೆಯಲ್ಲಿ ಕಳೆದುಕೊಂಡ ತಾಯಿ ಸಂತೋಷಪಟ್ಟರೆ ಅದನ್ನು ತಪ್ಪೆನ್ನಲು ನಾವು ಯಾರು? ಫಿರ್ದೌಸ್ ಚೌಕದಲ್ಲಿ ಪ್ರತಿಮೆಗೆ ಸುತ್ತಿಗೆಯಿಂದ ಹೊಡೆದ ಕಾಝಿಮ್ ಅಲ್ ಜಬ್ಬೂರಿ ಎಂಬ ಜಟ್ಟಿಯ ಬಂಧುಗಳನ್ನು ಸದ್ದಾಮ್ ಕೊಲ್ಲಿಸಿದ್ದ. ಅವರ ಸುತ್ತಿಗೆಗೆ ಕಾರಣವಿತ್ತು. ವರ್ಷಗಳ ನಂತರ ಪತ್ರಕರ್ತರು ಕೇಳಿದಾಗ ಅದೇ ಮನುಷ್ಯ ಹೇಳಿದ್ದೇನೆಂದರೆ, ಒಬ್ಬ ಸದ್ದಾಮ್ ಹೋದ ಜಾಗಕ್ಕೆ ಸಾವಿರ ಸದ್ದಾಮರು ಬಂದರು, ಆ ಚೌಕದ ಮುಂದೆ ಹೋಗುವಾಗ ನೋವೂ ನಾಚಿಕೆಯೂ ಆಗುತ್ತದೆ ಎಂದು. ನಿನ್ನ ಪ್ರಶ್ನೆಗೆ ನಾವು ಕೊಡುವುದಕ್ಕಿಂತ ಅವರ ಉತ್ತರ ದೊಡ್ಡದು.

ಒಂದು ಹಾನಿಯನ್ನು ಅಂಥದೇ ಹಾನಿಯಿಂದ ನೀಗಿಸಬಾರದು ಎಂಬ ಫಿಕ್‌ಹ್‌ನ ಸೂತ್ರವನ್ನು ಮದ್ರಸದಲ್ಲಿ ನಾವು ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ನಮಗೆ ತಿಳಿದದ್ದು ಇರಾಕನ್ನು ನೋಡಿದ ಮೇಲೆ. ದೊರೆಯನ್ನು ಇಳಿಸುತ್ತೇನೆ ಎಂದು ಹೊರಟವನು ಒಬ್ಬನನ್ನು ಮಾತ್ರ ಎಣಿಸಿದ. ಬೆಲೆ ತೆತ್ತ ಲಕ್ಷಾಂತರ ಜನರಲ್ಲಿ ಒಬ್ಬರನ್ನೂ ಮೊದಲೇ ಕೇಳಿರಲಿಲ್ಲ. ಝುಲ್ಮಿನ ವಿರುದ್ಧ ನಿಲ್ಲುವ ಹಕ್ಕೂ ಹೊಣೆಯೂ ಮೊದಲು ಆ ನೆಲದ ಜನರದ್ದು. ಹೊರಗಿನವರು ಅವರ ಮಾತಿಗೆ ದನಿಗೂಡಿಸಬಹುದು, ಓಡಿಬಂದವರಿಗೆ ಆಶ್ರಯ ಕೊಡಬಹುದು, ಝಾಲಿಮನಿಗೆ ಆಯುಧ ಮಾರದೆ ಇರಬಹುದು. ಅದು ನಿಧಾನದ ದಾರಿ. ಆ ದಾರಿಯಲ್ಲೂ ಜನ ಸಾಯುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಂಬಿನ ದಾರಿ ಬೇಗನೆ ಮುಟ್ಟಿಸುತ್ತದೆ ಎಂದವರು ಮೂರು ವಾರದಲ್ಲಿ ಬಗ್ದಾದ್ ಮುಟ್ಟಿದರು, ಶಾಂತಿಯನ್ನು ಇಪ್ಪತ್ತು ವರ್ಷವಾದರೂ ಪೂರ್ತಿ ಮುಟ್ಟಿಸಲಾಗಲಿಲ್ಲ.

2003ರ ಜುಲೈಯಲ್ಲಿ ಅಮೆರಿಕ ಕೇಳಿದರೂ ನಮ್ಮ ದೇಶ ಇರಾಕಿಗೆ ಸೈನ್ಯ ಕಳುಹಿಸಲಿಲ್ಲ. ಅದಕ್ಕೂ ಮೊದಲು ಏಪ್ರಿಲಿನಲ್ಲಿ ನಮ್ಮ ಲೋಕಸಭೆ ಈ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ನಮ್ಮ ಮಕ್ಕಳ ಕೈಗೆ ಆ ರಕ್ತ ಅಂಟದಂತೆ ಕಾಪಾಡಿದ ಅಲ್ಲಾಹನಿಗೆ ಶುಕ್ರ್ ಸಲ್ಲಿಸೋಣ.

ಸಹೋದರರೇ, ನಾವು ದೊರೆಗಳಲ್ಲ, ಸೇನಾಪತಿಗಳೂ ಅಲ್ಲ. ನಮ್ಮ ಕೈಯಲ್ಲಿ ಇರುವುದು ಒಂದು ನಾಲಗೆ, ಒಂದು ಮೊಬೈಲು. ಯುದ್ಧದ ಸುದ್ದಿ ಬಂದಾಗ ಕ್ರಿಕೆಟ್ ಸ್ಕೋರಿನಂತೆ ಅದನ್ನು ಹಂಚಬೇಡಿ. ಕ್ಷಿಪಣಿ ಯಾರ ಮೇಲೆ ಬಿದ್ದರೂ ಅದರ ಕೆಳಗೊಂದು ಅಡುಗೆಮನೆ ಇರುತ್ತದೆ. ಬಂದ ಸಂದೇಶ ನಿಜವೇ ಎಂದು ತಿಳಿಯದೆ ಮುಂದೆ ಕಳುಹಿಸಬೇಡಿ, ಸೇತುವೆಯ ಮೇಲೆ ಕೂಗಿದವನ ಪಾಪದಲ್ಲಿ ಪಾಲು ಬಂದೀತು. ಶಿಯಾ, ಸುನ್ನಿ ಎಂದು ಹಳಿಯುವ ಮಾತು ನಮ್ಮ ಮಹಲ್ಲಿನಲ್ಲಿ, ನಮ್ಮ ಮನೆಯ ಊಟದ ಸುಪ್ರದ ಮುಂದೆ ಬಂದರೆ ಅಲ್ಲಿಯೇ ತಡೆಯಿರಿ. ಝಾಲಿಮ್ ನಮ್ಮವನೆಂದು ಅವನ ಫೋಟೋ ತೂಗಬೇಡಿ. ಝಾಲಿಮನನ್ನು ಹೊಡೆಯಲು ಬಂದವನಿಗೂ ಚಪ್ಪಾಳೆ ಬೇಡ. ಇಬ್ಬರ ನಡುವೆ ಸಿಕ್ಕಿಬಿದ್ದವರಿಗಾಗಿ ದುಆ ಮಾಡಿ.

ಉಸ್ತಾದರ ಪ್ರಶ್ನೆಯನ್ನು ನಿಮಗೂ ಒಪ್ಪಿಸುತ್ತಿದ್ದೇವೆ. ಮುಂದೆ ಯಾವುದಾದರೂ ಪ್ರತಿಮೆ ಉರುಳಿದ ಚಿತ್ರ ಟಿವಿಯಲ್ಲಿ ಬಂದಾಗ, ನಗು ಬಂದರೂ ಅಳು ಬಂದರೂ, ಯಾರಿಗಾಗಿ ಎಂದು ಒಮ್ಮೆ ಕೇಳಿಕೊಳ್ಳಿ.

ಯಾ ಅಲ್ಲಾಹ್, ಇರಾಕಿನ ವಿಧವೆಯರನ್ನೂ ಅನಾಥರನ್ನೂ ನೀನು ಕೈಬಿಡಬೇಡ. ಹೆಸರು ದಾಖಲಾಗದೆ ಮಣ್ಣು ಸೇರಿದವರ ಹೆಸರು ನಿನಗೆ ಗೊತ್ತು, ಅವರ ಮೇಲೆ ಕರುಣೆ ತೋರು. ಝುಲ್ಮಿನ ಅಡಿಯಲ್ಲಿರುವ ಎಲ್ಲ ಜನರಿಗೂ ರಕ್ತವಿಲ್ಲದ ಬಿಡುಗಡೆ ಕರುಣಿಸು. ನಮ್ಮ ನಾಲಗೆಯನ್ನು ಅನ್ಯಾಯದಿಂದ ಕಾಪಾಡು. ಆಮೀನ್.